2,18,000 ಕಿ.ಮೀ. ಓಡಿದ ಟರ್ಬೊ ಪೆಟ್ರೋಲ್ ಗಾಡಿ: ಪಿಕಪ್ ಇಲ್ಲ, ನೀಲಿ ಹೊಗೆ. ಟರ್ಬೊ ಬದಲಾಯಿಸಲೇಬೇಕಾ?

ದೂರದಾರಿ

ಗೆಳೆಯರೇ, ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನದು 1.4 ಲೀಟರ್ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ಕೊಡುವ ಫ್ಯಾನ್) ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್. 11 ವರ್ಷದ ಗಾಡಿ. ಹೊಸದಾಗಿ ತಂದ ದಿನದಿಂದ ನಾನೇ ಓಡಿಸುತ್ತಿದ್ದೇನೆ. ಸರ್ವಿಸ್ ಒಂದೂ ತಪ್ಪಿಸಿಲ್ಲ. ಪುಸ್ತಕದಲ್ಲಿ ಹೇಳಿದಂತೆ 10,000 ಕಿ.ಮೀ.ಗೊಮ್ಮೆ ಆಯಿಲ್ ಬದಲಾಯಿಸಿದ್ದೇನೆ.

ಎರಡು ತಿಂಗಳಿಂದ ತೊಂದರೆ ಶುರುವಾಗಿದೆ. 2,500 ಆರ್‌ಪಿಎಂ ದಾಟಿದ ಮೇಲೆ ಮೊದಲು ಒಂದು ಎಳೆತ ಬರುತ್ತಿತ್ತಲ್ಲ, ಅದು ಈಗ ಇಲ್ಲ. ಏರು ದಾರಿಯಲ್ಲಿ ಮೂರನೇ ಗೇರ್‌ಗೆ ಇಳಿಯಲೇಬೇಕು. ಜೋರಾಗಿ ಒತ್ತಿದರೆ ಬಾನೆಟ್ ಒಳಗಿಂದ ಬುಸ್ಸೆಂದು ಗಾಳಿ ಹೋಗುವ ಸದ್ದು. ಸಿಗ್ನಲ್‌ನಲ್ಲಿ ನಾಲ್ಕೈದು ನಿಮಿಷ ನಿಂತು ಹೊರಟರೆ ಹಿಂದೆ ನೀಲಿ ಹೊಗೆ. 1,500 ಕಿ.ಮೀ.ಗೆ ಸುಮಾರು ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಲೈಟ್ ಬಂದಿದೆ, ಸ್ಕ್ಯಾನರ್‌ನಲ್ಲಿ ಪಿ0299 ತೋರಿಸಿತು.

ಒಂದು ವರ್ಕ್‌ಶಾಪ್‌ಗೆ ಒಯ್ದೆ. ಹತ್ತು ನಿಮಿಷ ನೋಡಿದರು. ಇಂಟರ್‌ಕೂಲರ್‌ಗೆ (ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹೋಗುವ ಪೈಪ್ ಬಿಚ್ಚಿ, ಒಳಗೆ ಬೆರಳು ಹಾಕಿ, ಅಂಟಿದ ಆಯಿಲ್ ತೋರಿಸಿ "ಟರ್ಬೊ ಹೋಗಿದೆ, ಹೊಸದೇ ಹಾಕಬೇಕು" ಎಂದರು. ಅವರು ಹೇಳಿದ ಮೊತ್ತ ಕೇಳಿ ಗಾಡಿ ಮಾರಿಬಿಡೋಣ ಅನ್ನಿಸಿತು. ಆದರೆ ಮನಸ್ಸು ಬರುತ್ತಿಲ್ಲ. ಬಾಡಿ, ಗೇರ್‌ಬಾಕ್ಸ್, ಸಸ್ಪೆನ್ಶನ್ ಎಲ್ಲ ಚೆನ್ನಾಗಿವೆ. ಏನು ಮಾಡಲಿ?

ಎಣ್ಣೆಕೈ

ಟರ್ಬೊ ಆರ್ಡರ್ ಮಾಡಬೇಡಿ ಸರ್, ಸ್ವಲ್ಪ ತಡೆಯಿರಿ.

22 ವರ್ಷದಿಂದ ಎಂಜಿನ್ ಬಿಚ್ಚುವುದೇ ನನ್ನ ಕೆಲಸ. "ಹೋಗಿದೆ" ಎಂದು ಬಿಚ್ಚಿ ತಂದ ಟರ್ಬೊಗಳಲ್ಲಿ ಏನೂ ಆಗದೇ ಇರುವವನ್ನು ಬೇಕಾದಷ್ಟು ನೋಡಿದ್ದೇನೆ. ನಿಜವಾಗಿ ಹಾಳಾದವೂ ತಾವಾಗಿ ಹಾಳಾದದ್ದು ಕಡಿಮೆ. ಒಂದೋ ಆಯಿಲ್ ಸರಿಯಾಗಿ ಬಂದಿರುವುದಿಲ್ಲ, ಇಲ್ಲವೇ ಕೊಳೆ ಆಯಿಲ್ ಬಂದಿರುತ್ತದೆ, ಇಲ್ಲವೇ ಹೊರಗಿನ ಏನೋ ಒಳಗೆ ಹೋಗಿ ರೆಕ್ಕೆಗೆ ಬಡಿದಿರುತ್ತದೆ. ಅದನ್ನು ಹುಡುಕದೆ ಹೊಸದು ಕೂರಿಸಿದರೆ ಹೊಸದೂ ಹಾಗೇ ಹೋಗುತ್ತದೆ.

ಮೊದಲು ಕೋಡ್ ವಿಷಯ. ಪಿ0299 ಅಂದರೆ ಟರ್ಬೊ ಸತ್ತಿದೆ ಎಂದಲ್ಲ. ಕಂಪ್ಯೂಟರ್ ಇಷ್ಟು ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಬೇಕು ಎಂದಿತು, ಅಷ್ಟು ಸಿಗಲಿಲ್ಲ, ಅಷ್ಟೇ. ಟರ್ಬೊ ಗಾಳಿ ಒತ್ತುತ್ತಲೇ ಇರಬಹುದು, ಆ ಗಾಳಿ ದಾರಿಯಲ್ಲಿ ಸೋರಿ ಹೋಗುತ್ತಿರಬಹುದು. ನೀವು ಹೇಳಿದ "ಬುಸ್" ಸದ್ದು ನನಗೆ ಅದನ್ನೇ ಹೇಳುತ್ತಿದೆ. 11 ವರ್ಷದ ರಬ್ಬರ್ ಹೋಸ್ ಬಿರುಕು ಬಿಡುವುದು ಸಹಜ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಕಾಣುವುದೇ ಇಲ್ಲ. ಒಳಗೆ ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಸ್ಮೋಕ್ ಟೆಸ್ಟ್ ಮಾಡಿಸಿ. ಪೈಪ್‌ಗಳೊಳಗೆ ಹೊಗೆ ತುಂಬಿ ಒತ್ತಡ ಕೊಡುತ್ತಾರೆ, ಎಲ್ಲಿ ಹೊಗೆ ಬಂತೋ ಅಲ್ಲೇ ತೂತು.

ಇನ್ನು ನೀಲಿ ಹೊಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದರಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. ಅದರ ಒಂದು ತುದಿಯಲ್ಲಿ ಹೊರಗಿನ ಗಾಳಿ, ಇನ್ನೊಂದು ತುದಿಯಲ್ಲಿ 900 ಡಿಗ್ರಿ ಮೀರುವ ಎಕ್ಸಾಸ್ಟ್ ಬಿಸಿ. ಹೆಚ್ಚಿನ ಗಾಡಿಗಳಲ್ಲಿ ಆ ಶಾಫ್ಟ್ ಬೇರಿಂಗ್ ಲೋಹವನ್ನು ಮುಟ್ಟುವುದೇ ಇಲ್ಲ, ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆಯಿಲ್ ಒಳಗೆ ಬರುವುದು ಪಂಪ್ ಒತ್ತಡದಿಂದ. ಹೊರಗೆ ಹೋಗುವುದು ಮಾತ್ರ ತನ್ನ ಭಾರಕ್ಕೆ ತಾನೇ ಕೆಳಗಿಳಿದು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಟರ್ಬೊ ಒಳಗಿನ ಸೀಲ್ ಅಂದರೆ ರಬ್ಬರ್ ಅಲ್ಲ. ಪಿಸ್ಟನ್ ರಿಂಗ್ ಇದ್ದ ಹಾಗೆ ಸಣ್ಣ ಲೋಹದ ರಿಂಗ್. ಅದು ಆಯಿಲ್ ತಡೆಯುವುದು ಎರಡೂ ಕಡೆಯ ಒತ್ತಡ ಸರಿಯಾಗಿದ್ದರೆ ಮಾತ್ರ. ಆಯಿಲ್ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಒಳಗೆ ಒತ್ತಡ ಜಾಸ್ತಿಯಾದರೆ ಟರ್ಬೊದಿಂದ ಆಯಿಲ್ ಕೆಳಗಿಳಿಯುವುದಿಲ್ಲ. ಬೇರಿಂಗ್ ಮನೆಯಲ್ಲೇ ನಿಂತು, ರಿಂಗ್ ದಾಟಿ, ಎಕ್ಸಾಸ್ಟ್‌ಗೋ ಇಂಟರ್‌ಕೂಲರ್‌ಗೋ ಹೋಗುತ್ತದೆ. ಹೊಚ್ಚ ಹೊಸ ಟರ್ಬೊ ಹಾಕಿದರೂ ಹಾಗೇ ಸೋರುತ್ತದೆ. ನಿಂತು ಹೊರಟಾಗ ಹೊಗೆ ಬರುತ್ತದೆ ಅಂದಿರಲ್ಲ, ಅದಕ್ಕೇ ನನಗೆ ಈ ಅನುಮಾನ. ಐಡ್ಲಿಂಗ್‌ನಲ್ಲಿ ಟರ್ಬೊ ಕಡೆ ಗಾಳಿಯ ಒತ್ತಡ ಇರುವುದಿಲ್ಲ, ಆಗ ಆಯಿಲ್ ಸುಲಭವಾಗಿ ಜಾರುತ್ತದೆ.

ಚೇಂಬರ್‌ನಲ್ಲಿ ಒತ್ತಡ ಯಾಕೆ ಬರುತ್ತದೆ? ಬ್ರೀದರ್ (ಚೇಂಬರ್‌ನ ಆವಿ ಹೊರಬಿಡುವ ದಾರಿ) ಕಟ್ಟಿಕೊಂಡಿರಬಹುದು, ಆ ದಾರಿಯ ಪಿಸಿವಿ ವಾಲ್ವ್ ಹೋಗಿರಬಹುದು, ಇಲ್ಲವೇ ಪಿಸ್ಟನ್ ರಿಂಗ್ ಸವೆದು ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿರಬಹುದು, ಅಂದರೆ ಸಿಲಿಂಡರ್ ಒತ್ತಡ ಚೇಂಬರ್‌ಗೆ ಇಳಿಯುತ್ತಿರಬಹುದು. ಟರ್ಬೊ ಪೆಟ್ರೋಲ್‌ನಲ್ಲಿ ಇನ್ನೊಂದು ಇದೆ. ಬೂಸ್ಟ್ ಬಂದಾಗ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಗಾಳಿ ಹಿಂದಕ್ಕೆ ಚೇಂಬರ್‌ಗೆ ನುಗ್ಗಬಾರದು ಎಂದು ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಇಟ್ಟಿರುತ್ತಾರೆ. ಅದು ಸರಿಯಾಗಿ ಮುಚ್ಚದಿದ್ದರೂ ಇದೇ ಕಥೆ.

ಮನೆಯಲ್ಲೇ ನೋಡಬಹುದು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಡಿ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಅಲ್ಲೇ ಸುಮ್ನೆ ಇಡಿ. ಹೆಚ್ಚಿನ ಗಾಡಿಗಳಲ್ಲಿ ಅದು ಸ್ವಲ್ಪ ಒಳಗೆ ಎಳೆದುಕೊಳ್ಳಬೇಕು. ಅಂಟಿಕೊಂಡು ಬಿಡಿಸಲು ಕಷ್ಟವಾದರೆ ಪಿಸಿವಿ ವಾಲ್ವ್ ಒಳಗಿನ ರಬ್ಬರ್ ಪರದೆ, ಅಂದರೆ ಡಯಾಫ್ರಂ, ಹರಿದಿರಬಹುದು. ಮೇಲೆ ಕುಣಿದರೆ, ಹೊಗೆ ಉಗುಳಿದರೆ ಒಳಗೆ ಒತ್ತಡ ಇದೆ.

ಪೈಪ್‌ನಲ್ಲಿ ಬೆರಳಿಗೆ ಅಂಟುವಷ್ಟು ಆಯಿಲ್ ಇರುವುದು ದೊಡ್ಡ ವಿಷಯವಲ್ಲ. ಬ್ರೀದರ್ ಆವಿ ಟರ್ಬೊ ಬಾಯಿಗೇ ಬರುತ್ತದೆ, ಅದರ ಜೊತೆ ಸ್ವಲ್ಪ ಆಯಿಲ್ ಬಂದೇ ಬರುತ್ತದೆ. ಬಗ್ಗಿಸಿದರೆ ಸುರಿಯುವಷ್ಟಿದ್ದರೆ ಆಗ ಚಿಂತಿಸಬೇಕು.

ಐದನೇಗೇರ್

ಎಣ್ಣೆಕೈ ಅಣ್ಣ ಹೇಳಿದ್ದಕ್ಕೆ ನಾನೇ ಸಾಕ್ಷಿ. 1,60,000 ಕಿ.ಮೀ.ನಲ್ಲಿ ನನ್ನ ಗಾಡಿಗೆ ಹೊಸ ಟರ್ಬೊ ಹಾಕಿಸಿದೆ. 4,000 ಕಿ.ಮೀ. ಓಡುವಷ್ಟರಲ್ಲಿ ಅದೂ ಕಿರುಚಲು ಶುರುವಾಯಿತು. ಬಿಚ್ಚಿ ನೋಡಿದರೆ ಶಾಫ್ಟ್ ನೀಲಿ ಬಣ್ಣಕ್ಕೆ ತಿರುಗಿತ್ತು. ಟರ್ಬೊಗೆ ಆಯಿಲ್ ಕೊಡುವ ಸಣ್ಣ ಪೈಪ್ ಹಳೆಯದನ್ನೇ ಬಿಟ್ಟಿದ್ದರು. ಅದರೊಳಗೆ ಕರಕಲು ಕಟ್ಟಿ ಪೆನ್ನಿನ ರೀಫಿಲ್‌ನಷ್ಟೂ ದಾರಿ ಉಳಿದಿರಲಿಲ್ಲ. ಆ ದಿನ ನನಗೆ ತುಂಬಾ ಬೇಜಾರಾಯಿತು. ಇಡೀ ಕೆಲಸದಲ್ಲಿ ತೀರಾ ಕಡಿಮೆ ಬೆಲೆಯ ಭಾಗ ಅದು.

ಟರ್ಬೊ ಬದಲಾಯಿಸುವವರು ಆಯಿಲ್ ಪೈಪ್, ಅದರ ಬೋಲ್ಟ್‌ನಲ್ಲಿರುವ ಸಣ್ಣ ಜಾಲರಿ, ಗ್ಯಾಸ್ಕೆಟ್, ಆಯಿಲ್, ಫಿಲ್ಟರ್ ಎಲ್ಲ ಒಟ್ಟಿಗೇ ಬದಲಾಯಿಸಿ. ಇಂಟರ್‌ಕೂಲರ್ ತೊಳೆಸಿ, ಹಳೆ ಟರ್ಬೊದ ಲೋಹದ ಚೂರು ಅಲ್ಲಿ ಕೂತಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಒಳಗೆ ಆಯಿಲ್ ಹನಿಸಿ, ಇಂಧನ ಕಡಿತ ಮಾಡಿ ಒಂದಿಷ್ಟು ಸೆಲ್ಫ್ ಹೊಡೆದು ಆಯಿಲ್ ಮೇಲೆ ಬರುವಂತೆ ಮಾಡಬೇಕು.

ಹಳೇಕೀಲಿ

ನನ್ನ ಸಲಹೆ ಬೇರೆ. ಎರಡು ಲಕ್ಷ ದಾಟಿದ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ. 20ಡಬ್ಲ್ಯು-50 ಹಾಕಿದರೆ ಹೊಗೆಯೂ ಕಡಿಮೆ, ಆಯಿಲ್ ಕುಡಿಯುವುದೂ ಕಡಿಮೆ. ನಮ್ಮ ಹಳೆಯ ಗಾಡಿಗಳಿಗೆಲ್ಲ ಅದನ್ನೇ ಹಾಕಿಕೊಂಡು ಬಂದಿದ್ದೇವೆ.

ಎಣ್ಣೆಕೈ

ಹಳೇಕೀಲಿ ಸರ್, ನಿಮ್ಮ ಅನುಭವದ ಮೇಲೆ ಗೌರವ ಇದೆ. ಟರ್ಬೊ ಇಲ್ಲದ ಹಳೆಯ ಎಂಜಿನ್‌ಗಳಿಗೆ ಅದು ನಡೆಯುತ್ತಿತ್ತು. ಇಲ್ಲಿ ಬೇಡ. ಬೆಳಗ್ಗೆ ತಣ್ಣಗಿರುವಾಗ ದಪ್ಪ ಆಯಿಲ್ ಟರ್ಬೊ ತಲುಪಲು ತಡವಾಗುತ್ತದೆ. ಆ ಕೆಲವು ಸೆಕೆಂಡು ಶಾಫ್ಟ್ ಒಣಗಿದ ಬೇರಿಂಗ್‌ನಲ್ಲಿ ತಿರುಗುತ್ತದೆ. ವಾಲ್ವ್ ಟೈಮಿಂಗ್ ಬದಲಾಯಿಸುವ ಭಾಗಗಳ ಆಯಿಲ್ ದಾರಿಗಳೂ ತುಂಬಾ ಸಣ್ಣವು.

ಪುಸ್ತಕದಲ್ಲಿ 5ಡಬ್ಲ್ಯು-30 ಜೊತೆಗೆ 5ಡಬ್ಲ್ಯು-40 ಕೂಡ ಒಪ್ಪಿದ್ದರೆ ವಯಸ್ಸಾದ ಗಾಡಿಗೆ 40 ಹಾಕಬಹುದು, ನಾನೂ ಹಾಕುತ್ತೇನೆ. ಡಬ್ಬಿಯ ಮುಂದಿನ ಹೆಸರಿಗಿಂತ ಹಿಂದೆ ಬರೆದ ಮಾನದಂಡ ನೋಡಿ. ನಿಮ್ಮ ಕಂಪನಿ ಹೇಳಿದ ಸಂಖ್ಯೆ ಅಲ್ಲಿ ಇರಲೇಬೇಕು. ಹೊಗೆ ಕಡಿಮೆ ಮಾಡಲು ಆಯಿಲ್ ದಪ್ಪ ಮಾಡುವುದು ಜ್ವರ ಬಂದವನ ಥರ್ಮಾಮೀಟರ್ ತೆಗೆದಿಟ್ಟ ಹಾಗೆ.

ಹೊಸಸ್ಟೀರಿಂಗ್

ನಾನು 1,30,000 ಕಿ.ಮೀ. ಓಡಿದ ಟರ್ಬೊ ಗಾಡಿಯನ್ನು ಈಚೆಗೆ ಕೊಂಡೆ. ಗಾಡಿ ನಿಲ್ಲಿಸಿದ ಮೇಲೆ ಮೂರು ನಿಮಿಷ ಎಂಜಿನ್ ಓಡುತ್ತಿರಬೇಕು, ಇಲ್ಲದಿದ್ದರೆ ಟರ್ಬೊ ಸುಟ್ಟುಹೋಗುತ್ತದೆ ಎಂದು ಮಾರಿದವರು ಹೇಳಿದರು. ಪ್ರತಿ ಸಲ ಮಾಡುತ್ತಿದ್ದೇನೆ. ಇದು ನಿಜವಾ ಅಣ್ಣ?

ಎಣ್ಣೆಕೈ

ಅರ್ಧ ನಿಜ ತಂಗಿ. ಎಂಜಿನ್ ಆಫ್ ಮಾಡಿದ ಕೂಡಲೇ ಆಯಿಲ್ ಹರಿವು ನಿಲ್ಲುತ್ತದೆ. ಟರ್ಬೊ ಕೆಂಪಗೆ ಕಾದಿದ್ದರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುತ್ತದೆ. ಆ ಕರಕಲೇ ಮುಂದೆ ಐದನೇಗೇರ್ ಹೇಳಿದ ಹಾಗೆ ಪೈಪ್ ಕಟ್ಟುವುದು. ಆದರೆ ಈಗಿನ ಹೆಚ್ಚಿನ ಪೆಟ್ರೋಲ್ ಟರ್ಬೊಗಳ ಸುತ್ತ ಕೂಲಂಟ್ ಹರಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಕೀಲಿ ತೆಗೆದ ಮೇಲೂ ಒಂದು ಎಲೆಕ್ಟ್ರಿಕ್ ಪಂಪ್ ಕೆಲವು ನಿಮಿಷ ಓಡುತ್ತಿರುತ್ತದೆ. ಆ ಸಣ್ಣ ಗುಂಯ್ ಸದ್ದು ಕೇಳಿ ಹೆದರಬೇಡಿ.

ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದಿದ್ದರೆ ಕಾಯುವ ಅಗತ್ಯವೇ ಇಲ್ಲ. ಹೆದ್ದಾರಿಯಲ್ಲಿ ಜೋರಾಗಿ ಬಂದು ನೇರ ಬಂಕ್‌ಗೆ ತಿರುಗಿಸಿದಿರಿ, ಘಾಟ್ ಹತ್ತಿ ತುದಿಯಲ್ಲಿ ನಿಲ್ಲಿಸಿದಿರಿ ಅನ್ನಿ, ಆಗ ಅರ್ಧದಿಂದ ಒಂದು ನಿಮಿಷ ಬಿಡಿ. ಸಾಕು.

ಇದಕ್ಕಿಂತ ಮುಖ್ಯ ಹೊರಡುವಾಗಿನದು. ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಒತ್ತಬೇಡಿ. ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದಾಕ್ಷಣ ಆಯಿಲ್ ಕಾದಿದೆ ಅಂದುಕೊಳ್ಳಬೇಡಿ. ಆಯಿಲ್ ಕಾಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೊದಲ ಹತ್ತು ಹದಿನೈದು ನಿಮಿಷ ಮೃದುವಾಗಿ ಓಡಿಸಿ.

ದೂರದಾರಿ

ಮುಚ್ಚಳದ ಪರೀಕ್ಷೆ ಈಗ ತಾನೇ ಮಾಡಿದೆ. ಎಣ್ಣೆಕೈ ಸರ್, ಅದು ಕುಣಿಯುತ್ತಿದೆ! ತೆಗೆದರೆ ಒಳಗಿಂದ ಪುಸು ಪುಸು ಹೊಗೆ. ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಜಿಡ್ಡು ಅಂಟಿದೆ. ಈಗ ರಿಂಗ್ ಹೋಗಿದೆಯೋ, ಬ್ರೀದರ್ ಕಟ್ಟಿದೆಯೋ, ಹೇಗೆ ತಿಳಿಯುವುದು? ರಿಂಗ್ ಎಂದಾದರೆ ನಿಜವಾಗಿಯೂ ಕೈಬಿಡಬೇಕಾಗುತ್ತದೆ.

ಎಣ್ಣೆಕೈ

ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇವೆಯಾ ಎಂಬುದೇ ಮುಖ್ಯ. ಒಂದು ಮಾತ್ರ ತೀರಾ ಕಡಿಮೆ ಇದ್ದರೆ ರಿಂಗ್ ಅಥವಾ ವಾಲ್ವ್. ಬಿಳಿ ಜಿಡ್ಡು ಅಂದರೆ ಆಯಿಲ್‌ನಲ್ಲಿ ನೀರಿನ ಆವಿ ಸೇರಿದೆ. ಸಣ್ಣ ಸಣ್ಣ ಓಡಾಟ ಜಾಸ್ತಿ ಇದ್ದರೆ ಎಂಜಿನ್ ಪೂರ್ತಿ ಕಾಯದೆ ಹಾಗಾಗುತ್ತದೆ. ಕೂಲಂಟ್ ಮಟ್ಟ ಇಳಿಯುತ್ತಿದೆಯಾ ಅದನ್ನೂ ನೋಡಿ. ಇಳಿಯದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಆಯಿಲ್‌ಗೆ ಸೇರುತ್ತಿದೆ ಎಂಬ ಭಯ ಸದ್ಯಕ್ಕೆ ಬೇಡ.

ಕಪ್ಪುಹೊಗೆ

ಡೀಸೆಲ್‌ನವರಿಗಾಗಿ ಎರಡು ಮಾತು ಸೇರಿಸುತ್ತೇನೆ. ನನ್ನದು 2,90,000 ಕಿ.ಮೀ., ಮೂಲ ಟರ್ಬೊ ಇನ್ನೂ ಇದೆ.

ನಮ್ಮಲ್ಲಿ ಟರ್ಬೊ ಒಳಗೆ ಎಕ್ಸಾಸ್ಟ್ ಹರಿವನ್ನು ಹೊಂದಿಸಲು ತಿರುಗುವ ಸಣ್ಣ ವೇನ್‌ಗಳಿರುತ್ತವೆ (ಪಟ್ಟಿಗಳು). ಯಾವಾಗಲೂ ಕಡಿಮೆ ಆರ್‌ಪಿಎಂನಲ್ಲಿ ಊರೊಳಗೇ ಓಡಿಸಿದರೆ ಮಸಿ ಕಟ್ಟಿ ಅವು ಅಂಟಿಕೊಳ್ಳುತ್ತವೆ. ಒಮ್ಮೆ ಬೂಸ್ಟ್ ಜಾಸ್ತಿ, ಒಮ್ಮೆ ಇಲ್ಲವೇ ಇಲ್ಲ, ಗಾಡಿ ಲಿಂಪ್ ಮೋಡ್‌ಗೆ (ಶಕ್ತಿಯನ್ನು ತಾನಾಗಿ ಕಡಿಮೆ ಮಾಡಿಕೊಳ್ಳುವ ಸ್ಥಿತಿ) ಹೋಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಟರ್ಬೊಗೂ ಡಿಪಿಎಫ್‌ಗೂ (ಎಕ್ಸಾಸ್ಟ್‌ನ ಮಸಿ ಹಿಡಿಯುವ ಫಿಲ್ಟರ್) ಒಳ್ಳೆಯದು. ಟರ್ಬೊಗೆ ಕೈ ಹಾಕುವ ಮೊದಲು ಆ ವೇನ್‌ಗಳನ್ನು ತಿರುಗಿಸಲು ಬಳಸುವ ವ್ಯಾಕ್ಯೂಮ್ ಪೈಪ್ ನೋಡಿ. ಬೆರಳಿನಷ್ಟೂ ದಪ್ಪ ಇರದ ಆ ರಬ್ಬರ್ ಪೈಪ್ ಬಿರುಕು ಬಿಟ್ಟರೂ ಇದೇ ಲಕ್ಷಣ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವುದನ್ನು ಎಲ್ಲರೂ ನೋಡುತ್ತಾರೆ, ಏರುವುದನ್ನು ಯಾರೂ ನೋಡುವುದಿಲ್ಲ. ಡಿಪಿಎಫ್ ಸುಟ್ಟು ಶುದ್ಧವಾಗುವಾಗ ಜಾಸ್ತಿ ಡೀಸೆಲ್ ಸಿಂಪಡಿಸುತ್ತದೆ. ಅದು ಅರ್ಧಕ್ಕೆ ನಿಂತರೆ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್ ಟರ್ಬೊ ಬೇರಿಂಗ್ ಕಾಯುವುದಿಲ್ಲ. ಮಟ್ಟ ಏರಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಾಯಿಸಿ.

ಇದೊಂದು ಜೀವದ ವಿಷಯ. ಡೀಸೆಲ್‌ನಲ್ಲಿ ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ತಾನಾಗಿಯೇ ಓಡಲು ಶುರುಮಾಡಬಹುದು. ಕೀಲಿ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಅತಿ ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಬೇಕು. ಆಗದಿದ್ದರೆ ಗಾಡಿ ಬಿಟ್ಟು ದೂರ ಹೋಗಿ. ಎಂಜಿನ್ ಹತ್ತಿರ ಬಾಗಬೇಡಿ.

ದೂರದಾರಿ

ಎಂಟು ದಿನ ಬಿಟ್ಟು ಬಂದಿದ್ದೇನೆ. ಮನಸ್ಸು ಹಗುರವಾಗಿದೆ.

ಬೇರೆ ಗ್ಯಾರೇಜ್‌ಗೆ ಹೋದೆ. ಎಣ್ಣೆಕೈ ಸರ್ ಬರೆದದ್ದನ್ನೇ ತೋರಿಸಿ, ಈ ಕ್ರಮದಲ್ಲಿ ನೋಡಿಕೊಡಿ ಎಂದು ಕೇಳಿಕೊಂಡೆ. ಕಂಪ್ರೆಷನ್ ಮೊದಲು ನೋಡಿದರು: 12.2, 12.0, 11.8, 12.1 ಬಾರ್. ಆ ಹುಡುಗ ಒಂದೊಂದೇ ಸಂಖ್ಯೆ ಕೂಗಿ ಹೇಳುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ರಿಂಗ್ ಚೆನ್ನಾಗಿವೆ.

ಆಮೇಲೆ ಸ್ಮೋಕ್ ಟೆಸ್ಟ್. ಇಂಟರ್‌ಕೂಲರ್‌ನ ಕೆಳಗಿನ ಹೋಸ್, ಅದರ ಅಡಿಭಾಗದಲ್ಲಿ ಎರಡು ಇಂಚಿನ ಸೀಳು. ಮೇಲಿಂದ ನೋಡಿದರೆ ಹೊಸದರಂತೆ ಕಾಣುತ್ತದೆ. ಒಂದು ಕ್ಲಾಂಪ್ ಕೂಡ ಸಡಿಲವಾಗಿತ್ತು. ಪಿಕಪ್ ಹೋದದ್ದು ಅಲ್ಲಿ.

ಬ್ರೀದರ್ ವಾಲ್ವ್ ಬಿಚ್ಚಿದಾಗ ಡಯಾಫ್ರಂ ಕಲ್ಲಿನಂತೆ ಗಟ್ಟಿಯಾಗಿತ್ತು. ದಾರಿ ತುಂಬ ಜಿಡ್ಡು ಕಟ್ಟಿ ಮುಚ್ಚಿತ್ತು. ಊದಿದರೆ ಗಾಳಿಯೇ ಹೋಗಲಿಲ್ಲ. ಹೊಸದು ಹಾಕಿದೆವು, ಪೈಪ್‌ಗಳನ್ನೂ ಬದಲಾಯಿಸಿದೆವು. ಟರ್ಬೊ ಬಾಯಿಯ ಪೈಪ್ ತೆಗೆದು ಶಾಫ್ಟ್ ಹಿಡಿದು ನೋಡಿದರು. ಅಕ್ಕಪಕ್ಕ ಒಂಚೂರು ಆಡುತ್ತದೆ, ಹಿಂದೆ ಮುಂದೆ ಆಟವೇ ಇಲ್ಲ. ರೆಕ್ಕೆ ಎಲ್ಲೂ ಉಜ್ಜಿಲ್ಲ. ಐದನೇಗೇರ್ ಹೇಳಿದ್ದು ನೆನಪಾಗಿ ಆಯಿಲ್ ಪೈಪ್ ಕೂಡ ಬಿಚ್ಚಿಸಿ ಹೊಸದು ಹಾಕಿಸಿದೆ. ಇಂಟರ್‌ಕೂಲರ್ ಬಗ್ಗಿಸಿದಾಗ ಅರ್ಧ ಲೋಟ ಆಯಿಲ್ ಸುರಿಯಿತು.

ಹೊಸ ಟರ್ಬೊಗೆ ಹೇಳಿದ್ದ ಮೊತ್ತದ ಎಂಟನೇ ಒಂದು ಭಾಗವೂ ಆಗಲಿಲ್ಲ. ಎಳೆತ ಮೊದಲಿನಂತೆಯೇ ಬಂದಿದೆ. ಆದರೆ ಹೊಗೆ ಇನ್ನೂ ಸ್ವಲ್ಪ ಇದೆ ಸರ್. ಅದು ಯಾಕೆ?

ಎಣ್ಣೆಕೈ

ತುಂಬಾ ಖುಷಿಯಾಯಿತು. ಅಕ್ಕಪಕ್ಕದ ಆ ಆಟ ಸಹಜ, ಆಯಿಲ್ ತುಂಬಿದಾಗ ಅದೇ ಜಾಗದಲ್ಲಿ ಪದರ ಕೂರುತ್ತದೆ. ಸೈಲೆನ್ಸರ್ ಒಳಗೆ ಹಳೆಯ ಆಯಿಲ್ ನೆನೆದಿರುತ್ತದೆ. ಅದು ಸುಟ್ಟು ಮುಗಿಯಲು ಇನ್ನೂರು ಮುನ್ನೂರು ಕಿಲೋಮೀಟರ್ ಹಿಡಿಯಬಹುದು. ಒಂದು ಉದ್ದ ಓಟ ಹೋಗಿ ಬನ್ನಿ.

ಇನ್ನು ಮುಂದೆ 10,000ಕ್ಕೆ ಕಾಯಬೇಡಿ. ಆ ಲೆಕ್ಕ ಸರಾಗ ಓಡಾಟಕ್ಕೆ. ಸಣ್ಣ ಓಡಾಟ, ಟ್ರಾಫಿಕ್, ಧೂಳು, ಬಿಸಿ ಇವನ್ನೆಲ್ಲ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ "ಕಠಿಣ ಬಳಕೆ" ಎಂದು ಬೇರೆಯಾಗಿ ಬರೆದಿರುತ್ತಾರೆ. ನಿಮ್ಮ ಗಾಡಿಗೆ 5,000ದಿಂದ 6,000. ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಮಸಿಪ್ಲಗ್

ಟರ್ಬೊ ಪಕ್ಕದ ವಿಷಯಗಳನ್ನೂ ಬಿಡಬೇಡಿ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಬೀಳುತ್ತದೆ. ಇನ್‌ಟೇಕ್ ವಾಲ್ವ್ ಬೆನ್ನನ್ನು ತೊಳೆಯುವವರೇ ಇಲ್ಲ. ಬ್ರೀದರ್ ಆವಿ ಅಲ್ಲಿ ಕೂತು ಕಾರ್ಬನ್ ಕಟ್ಟುತ್ತದೆ. ದೂರದಾರಿ ಅವರ ಗಾಡಿ ಇಷ್ಟು ಆಯಿಲ್ ಕುಡಿದಿದೆ ಅಂದರೆ ಅಲ್ಲಿ ದಪ್ಪಗೆ ಕಟ್ಟಿರುತ್ತದೆ. ಟ್ಯಾಂಕ್‌ಗೆ ಹಾಕುವ ಕ್ಲೀನರ್ ಇಂಜೆಕ್ಟರ್‌ಗೆ ಸರಿ, ಆ ವಾಲ್ವ್‌ಗಳನ್ನು ಮುಟ್ಟುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ವಾಲ್‌ನಟ್ ಚಿಪ್ಪಿನ ಪುಡಿಯನ್ನು ಒತ್ತಡದಲ್ಲಿ ಹೊಡೆದು ತೆಗೆಯುತ್ತಾರೆ. ಬೆಳಗಿನ ಐಡ್ಲಿಂಗ್ ನಡುಗುತ್ತಿದ್ದರೆ ಒಮ್ಮೆ ನೋಡಿಸಿ.

ಪ್ಲಗ್‌ಗಳ ವಿಷಯದಲ್ಲಿ ಲೋಭ ಬೇಡ. ಬೂಸ್ಟ್ ಜಾಸ್ತಿಯಾದಷ್ಟು ಕಿಡಿ ಹಾರುವುದು ಕಷ್ಟ. ಕಿಡಿ ಹಾರುವ ಗ್ಯಾಪ್ ಸವೆದು ಅಗಲವಾದರೆ ಏರಿನಲ್ಲಿ ಜರ್ಕ್ ಹೊಡೆಯುತ್ತದೆ, ಕಾಯಿಲ್ ಕೂಡ ಬೇಗ ಸಾಯುತ್ತದೆ.

ಮೇಲಿನ ಗೇರ್‌ನಲ್ಲಿ 1,500 ಆರ್‌ಪಿಎಂ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸ ಬಿಡಿ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಆಗ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಇದನ್ನು ತಡೆಯಲೆಂದೇ 2018ರಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಆಯಿಲ್ ಮಾನದಂಡ ಬಂದವು. ಒಂದು ಗೇರ್ ಇಳಿಸಿ, ಆಮೇಲೆ ಒತ್ತಿ.

ಮೈಲಿಗಲ್ಲು

ಟರ್ಬೊ ಗಾಡಿ ಜಾಸ್ತಿ ಬಾಳುವುದಿಲ್ಲ ಎನ್ನುವವರಿಗೆ ನಾನು ಯಾವಾಗಲೂ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ಮಾರಾಟ ಪ್ರತಿನಿಧಿ 1989ರ ಸಾಬ್ 900 ಟರ್ಬೊ ಗಾಡಿಯನ್ನು ಹತ್ತು ಲಕ್ಷ ಮೈಲಿಗೂ ಮೇಲೆ ಓಡಿಸಿದರು. ಅಂದರೆ 16 ಲಕ್ಷ ಕಿಲೋಮೀಟರ್. ಈಗ ಅದು ಅಲ್ಲಿನ ಹಾರ್ಟ್‌ಫರ್ಡ್‌ನ ಮ್ಯೂಸಿಯಂನಲ್ಲಿದೆ.

ಇದಕ್ಕೆ ಪೂರ್ತಿ ಉಲ್ಟಾ ಕಥೆಯೂ ಇದೆ. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹಾಕಿ ಮಾರಿದ ಮೊದಮೊದಲ ಕಾರುಗಳಲ್ಲಿ ಒಂದು. ಎಂಜಿನ್ ನಾಕ್ ಆಗದಿರಲಿ (ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಹೊತ್ತಿಕೊಂಡು ಬಡಿಯದಿರಲಿ) ಎಂದು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಅದರ ಸಣ್ಣ ಟ್ಯಾಂಕ್‌ಗೆ ತುಂಬುತ್ತಿರಬೇಕಿತ್ತು. ಖಾಲಿಯಾದರೆ ಬೂಸ್ಟ್ ತಾನಾಗಿ ಕಡಿಮೆಯಾಗುತ್ತಿತ್ತು. ಕೊಂಡವರಲ್ಲಿ ಅನೇಕರು ತುಂಬಲೇ ಇಲ್ಲ, ಗಾಡಿಗೆ ಶಕ್ತಿ ಇಲ್ಲ ಎಂದು ದೂರಿದರು. ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು.

ಹೊಸಸ್ಟೀರಿಂಗ್

ನನ್ನ ಗಾಡಿಯ ಹಳೆಯ ಸರ್ವಿಸ್ ದಾಖಲೆ ಏನೂ ಸಿಕ್ಕಿಲ್ಲ. ಎಲ್ಲಿಂದ ಶುರು ಮಾಡಲಿ?

ಎಣ್ಣೆಕೈ

ದಾಖಲೆ ಇಲ್ಲ ಅಂದರೆ ಏನೂ ಆಗಿಲ್ಲ ಎಂದೇ ತಿಳಿದುಕೊಳ್ಳಿ ತಂಗಿ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್ ಮೊದಲ ವಾರವೇ ಬದಲಾಗಲಿ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ. ಸಂದಿ ಇದ್ದರೆ ಧೂಳು ನೇರ ಟರ್ಬೊ ರೆಕ್ಕೆಯನ್ನು ಸವೆಸುತ್ತದೆ. ಕೂಲಂಟ್ ಬದಲಾಯಿಸಿ, ಬಣ್ಣ ನೋಡಿ ಬೆರೆಸಬೇಡಿ, ಪುಸ್ತಕದಲ್ಲಿರುವ ಬಗೆಯದ್ದೇ ಹಾಕಿ. ಥರ್ಮೋಸ್ಟಾಟ್ ಮನೆ, ವಾಟರ್ ಪಂಪ್ ಸುತ್ತ ಒಣಗಿದ ಕೂಲಂಟ್ ಕಲೆ ಇದೆಯಾ ನೋಡಿಸಿ.

ಟೈಮಿಂಗ್ ಬೆಲ್ಟ್‌ನದ್ದೋ ಚೈನಿನದ್ದೋ ಗಾಡಿ ಎಂದು ಕೇಳಿ ತಿಳಿದುಕೊಳ್ಳಿ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಆಯಿಲ್ ಒಳಗೇ ಓಡುತ್ತದೆ. ಅದು ಹಳತಾಗಿ ಪುಡಿ ಉದುರಿದರೆ ಚೇಂಬರ್ ಒಳಗಿನ ಜಾಲರಿ ಕಟ್ಟುತ್ತದೆ. ಆಗ ಇಡೀ ಎಂಜಿನ್‌ಗೂ ಟರ್ಬೊಗೂ ಆಯಿಲ್ ಒತ್ತಡ ಇಳಿಯುತ್ತದೆ. ಅಂಥದ್ದಾದರೆ ಮೊದಲು ಬೆಲ್ಟ್, ಉಳಿದದ್ದು ಆಮೇಲೆ. ಆಯಿಲ್ ಲೈಟ್ ಒಂದು ಕ್ಷಣ ಮಿನುಗಿದರೂ ಎಂಜಿನ್ ಆಫ್ ಮಾಡಿ, ಟೋ ಮಾಡಿಸಿ.

ದೂರದಾರಿ

ಮೂರು ತಿಂಗಳಾಯಿತು. ಓಡೋಮೀಟರ್ 2,24,100. ಹೊಗೆ ಸುಮಾರು 250 ಕಿ.ಮೀ. ಆದ ಮೇಲೆ ಪೂರ್ತಿ ನಿಂತಿತು. ಪ್ರತಿ ಭಾನುವಾರ ಬೆಳಗ್ಗೆ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಕೊನೆಯ 5,000 ಕಿ.ಮೀ.ನಲ್ಲಿ ಮೇಲಿನ ಗೆರೆಯಿಂದ ಮೂರು ಮಿಲಿಮೀಟರ್ ಇಳಿದಿದೆ, ಅಷ್ಟೇ. ಮುಚ್ಚಳ ಈಗ ಕುಣಿಯುವುದಿಲ್ಲ, ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತದೆ.

ಮಸಿಪ್ಲಗ್ ಅವರೇ, ವಾಲ್ವ್ ಕಾರ್ಬನ್ ತೆಗೆಸಿದೆ. ನೀವು ಹೇಳಿದ ಹಾಗೇ ಇತ್ತು. ಎರಡನೇ ಸಿಲಿಂಡರ್‌ನ ವಾಲ್ವ್ ಕಾಂಡವೇ ಕಾಣುತ್ತಿರಲಿಲ್ಲ.

ಈ ವಾರ ಆಯಿಲ್ ಬದಲಾವಣೆ. ಹಳೆಯ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ, ಲೋಹದ ಹೊಳಪು ಏನಾದರೂ ಇದೆಯಾ ನೋಡುತ್ತೇನೆ. ಎಣ್ಣೆಕೈ ಸರ್, ಫೋಟೊ ಹಾಕಿದಾಗ ಒಮ್ಮೆ ನೋಡಿ ಹೇಳಿ.